ಹಳೇ ಸ್ಟುಡಿಯೋ ಕಂಪ್ಯೂಟರ್‌ಗೆ ಯುಎಸ್‌ಬಿ 3.0 ಹಾಕಿದ್ದು: ಒಂದು ಪ್ರಕರಣ ಅಧ್ಯಯನ

ತಿಪಟೂರಲ್ಲಿ ನಮ್ಮ ಭಾವಂದು ಒಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಮದುವೆ, ಗೃಹಪ್ರವೇಶ, ನಾಮಕರಣ, ಶಾಲೆ ಮಕ್ಕಳ ಗ್ರೂಪ್ ಫೋಟೋ, ಇವೇ ಕೆಲಸ. ವೈಶಾಖದ ಲಗ್ನಗಳ ಟೈಮಲ್ಲಿ ಒಂದಿನ ರಾತ್ರಿ ಹನ್ನೊಂದೂವರೆಗೆ ಫೋನ್ ಮಾಡಿದ್ರು. "ಏನಪ್ಪಾ, ಮಲ್ಕೊಂಡ್ಯಾ? ಈ ಸಿಸ್ಟಮ್ ಇನ್ನು ಆಗಲ್ಲ ಕಣೋ. ಕ್ಯಾಮೆರಾದ ಮೂರು ಮೆಮೊರಿ ಕಾರ್ಡ್ ಕಾಪಿಗೆ ಹಾಕಿ ಕೂತಿದೀನಿ, ಇನ್ನೂ ಎರಡನೇದೇ ಮುಗಿದಿಲ್ಲ, ಬೆಳಗ್ಗೆ ಐದಕ್ಕೆ ಇನ್ನೊಂದು ಮದುವೆಗೆ ಹೊರಡ್ಬೇಕು, ಕಾರ್ಡ್ ಖಾಲಿ ಬೇಕು" ಅಂದ್ರು. ಯಾರೋ ಅವರಿಗೆ ಹೊಸ ಸಿಸ್ಟಮ್‌ಗೆ ಕೊಟೇಶನ್ ಬೇರೆ ಕೊಟ್ಟಿದ್ರು, ಅರವತ್ತು ಸಾವಿರದ ಮೇಲೆ.

ಅವತ್ತು ನಾನು ಹೇಳಿದ್ದು ಒಂದೇ ಮಾತು, ಭಾವ, ಎಷ್ಟೊತ್ತಾದ್ರೂ ಆಗ್ಲಿ, ಎರಡು ಕಡೆ ಕಾಪಿ ಆಗೋವರೆಗೂ ಕಾರ್ಡ್ ಫಾರ್ಮ್ಯಾಟ್ ಮಾಡ್ಬೇಡಿ, ಬೇಕಾದ್ರೆ ಬೆಳಗ್ಗೆ ದಾರೀಲಿ ಯಾರ ಹತ್ರನಾದ್ರೂ ಒಂದು ಕಾರ್ಡ್ ಇಸ್ಕೊಳಿ. ಧಾರೆ ಎರೆಯೋ ಫೋಟೋ ಹೋದ್ರೆ ಇನ್ನೊಂದು ಸಲ ಧಾರೆ ಎರೆಸಿ ತೆಗೆಯೋಕಾಗಲ್ವಲ್ಲ. ಅವರೂ ಹಂಗೇ ಮಾಡಿದ್ರು. ಆ ವಾರದ ಭಾನುವಾರ ನಾನು ಬೆಂಗಳೂರಿಂದ ಊರಿಗೆ ಹೋಗಿ ಸಿಸ್ಟಮ್ ಮುಂದೆ ಕೂತೆ.

ಸಿಸ್ಟಮ್ ವಿಷಯಕ್ಕೆ ಬರೋಣ. ಇಂಟೆಲ್ ಐ5-2400, ಅಂದ್ರೆ 2011ರಲ್ಲಿ ಬಂದ ಎರಡನೇ ಜನರೇಶನ್ ಪ್ರೊಸೆಸರ್, ನಾಲ್ಕು ಕೋರ್. ಎಚ್61 ಚಿಪ್‌ಸೆಟ್ (ಪೋರ್ಟ್‌ಗಳನ್ನ ನೋಡ್ಕೊಳ್ಳೋ ಮುಖ್ಯ ಚಿಪ್) ಇರೋ ಬೋರ್ಡು. 8 ಜಿಬಿ ಡಿಡಿಆರ್3 ರ್‍ಯಾಮ್, ವಿಂಡೋಸ್ 10 ಇರೋ ಒಂದು 240 ಜಿಬಿ ಎಸ್‌ಎಸ್‌ಡಿ, ಡೇಟಾಗೆ 1 ಟಿಬಿ ಹಾರ್ಡ್‌ಡಿಸ್ಕ್. ಆಲ್ಬಮ್ ಡಿಸೈನ್ ಮಾಡೋಕೆ, ಫೋಟೋ ಕಲರ್ ಸರಿ ಮಾಡೋಕೆ ಅವರಿಗೆ ಈ ಸಿಸ್ಟಮ್ ಇವತ್ತಿಗೂ ಸಾಕಾಗ್ತಿತ್ತು, ಆ ಬಗ್ಗೆ ಅವರದ್ದೇನೂ ಕಂಪ್ಲೇಂಟ್ ಇರ್ಲಿಲ್ಲ. ಕಂಪ್ಲೇಂಟ್ ಇದ್ದಿದ್ದು ಬರೀ ಕಾಪಿ ಬಗ್ಗೆ. ಇದನ್ನ ಮೊದ್ಲು ಕೇಳಿ ತಿಳ್ಕೊಂಡಿದ್ದು ಒಳ್ಳೇದಾಯ್ತು, ಯಾಕಂದ್ರೆ "ಸಿಸ್ಟಮ್ ಸ್ಲೋ" ಅನ್ನೋ ಮಾತು ಹಿಡ್ಕೊಂಡು ಹೊರಟಿದ್ರೆ ರ್‍ಯಾಮ್ ಹಾಕ್ಸಿ, ವಿಂಡೋಸ್ ಮತ್ತೆ ಇನ್‌ಸ್ಟಾಲ್ ಮಾಡಿ, ಇಲ್ಲದ ಕೆಲಸ ಎಲ್ಲ ಮಾಡಿ ಕೊನೆಗೆ ಕಾಪಿ ಅದೇ ಸ್ಪೀಡಲ್ಲಿ ನಿಂತಿರ್ತಿತ್ತು.

ಎಚ್61ನಲ್ಲಿ ಯುಎಸ್‌ಬಿ 3.0, ಅಂದ್ರೆ ಹಳೇ 2.0ಗಿಂತ ಎಷ್ಟೋ ಸ್ಪೀಡಿನ ಪೋರ್ಟ್, ಇಲ್ಲವೇ ಇಲ್ಲ. ಯುಎಸ್‌ಬಿ 3.0 ಸ್ಟ್ಯಾಂಡರ್ಡ್ ಬಂದಿದ್ದು 2008ರ ನವೆಂಬರಲ್ಲಿ, ಆದ್ರೆ ಇಂಟೆಲ್ ತನ್ನ ಚಿಪ್‌ಸೆಟ್ ಒಳಗೇ ಅದನ್ನ ಕೊಟ್ಟಿದ್ದು 2012ರ 7 ಸೀರೀಸ್‌ನಿಂದ. ಅದಕ್ಕೂ ಮುಂಚೆ ಬೋರ್ಡ್ ಮಾಡೋರು ಬೇಕಾದ್ರೆ ಬೇರೆ ಚಿಪ್ ಕೂರಿಸ್ತಿದ್ರು, ಕಡಿಮೆ ರೇಟಿನ ಬೋರ್ಡ್‌ಗಳಲ್ಲಿ ಕೂರಿಸ್ತಿರ್ಲಿಲ್ಲ. ಇದು ಕಡಿಮೆ ರೇಟಿನ ಬೋರ್ಡೇ, ಹಿಂದೆ ಮುಂದೆ ಎಲ್ಲ ಕಪ್ಪು ಪೋರ್ಟ್‌ಗಳು, ಒಂದೂ ನೀಲಿ ಇಲ್ಲ (3.0 ಪೋರ್ಟ್ ಸಾಮಾನ್ಯವಾಗಿ ನೀಲಿ ಇರುತ್ತೆ).

ಭಾವ ಹೆಂಗೆ ಕಾಪಿ ಮಾಡ್ತಾರೆ ಅಂತ ಪಕ್ಕದಲ್ಲಿ ಕೂತು ನೋಡ್ದೆ. ಕಾರ್ಡ್ ರೀಡರ್ ಮುಂದಿನ ಒಂದು ಪೋರ್ಟ್‌ಗೆ, ಪೋರ್ಟಬಲ್ ಹಾರ್ಡ್‌ಡಿಸ್ಕ್ ಪಕ್ಕದ ಪೋರ್ಟ್‌ಗೆ, ಇದರಿಂದ ಅದಕ್ಕೆ ಸೀದಾ ಕಾಪಿ. ಸ್ಪೀಡು ಸೆಕೆಂಡಿಗೆ 15ರಿಂದ 16 ಎಂಬಿ ತೋರಿಸ್ತಿತ್ತು. ಒಂದು 64 ಜಿಬಿ ಕಾರ್ಡ್ ತುಂಬಿದ್ರೆ ಒಂದು ಗಂಟೆ ಮೇಲೆ, ಮೂರು ಕಾರ್ಡ್‌ಗೆ ಮೂರು ಗಂಟೆ ಮೇಲೆ, ಅದಾದ್ಮೇಲೆ ಎರಡನೇ ಕಾಪಿ ಬೇರೆ. ಯುಎಸ್‌ಬಿ 2.0 ಅಂದ್ರೆ ಕಾಗದದ ಮೇಲೆ ಸೆಕೆಂಡಿಗೆ 480 ಮೆಗಾಬಿಟ್, 60 ಎಂಬಿ ಆಗುತ್ತೆ, ಕೈಗೆ ಸಿಗೋದು 30-35. ಇಲ್ಲಿ ಅದರಲ್ಲೂ ಅರ್ಧ ಸಿಗ್ತಿತ್ತು. ಯಾಕಂದ್ರೆ ಮುಂದಿನ ಎರಡೂ ಪೋರ್ಟ್ ಒಳಗೆ ಒಂದೇ ಕಂಟ್ರೋಲರ್‌ಗೆ ಸೇರಿದ್ವು, ಓದೋದು ಬರೆಯೋದು ಎರಡೂ ಅದೇ ಒಂದು ದಾರೀಲಿ ಸರದಿ ಮೇಲೆ ಹೋಗ್ಬೇಕು. ಒಂಟಿ ದಾರೀಲಿ ಎದುರು ಬದರು ಎತ್ತಿನಗಾಡಿ ಬಂದಂಗೆ, ಒಂದು ನಿಂತ್ರೇ ಇನ್ನೊಂದು ಹೋಗೋದು.

ರೀಡರ್‌ನ ಹಾಗೇ ಬಿಟ್ಟು ಒಳಗಿನ ಎಸ್‌ಎಸ್‌ಡಿಗೆ ಕಾಪಿ ಮಾಡಿ ನೋಡಿದ್ರೆ 33 ಎಂಬಿ ಬಂತು. ಆಮೇಲೆ ಅದೇ ರೀಡರ್, ಅದೇ ಕಾರ್ಡು, ನನ್ನ ಲ್ಯಾಪ್‌ಟಾಪ್‌ನ ನೀಲಿ ಪೋರ್ಟ್‌ಗೆ ಹಾಕ್ದೆ, 84. ಪೋರ್ಟಬಲ್ ಡಿಸ್ಕ್ ಹಾಕ್ದೆ, 115. ಅಂದ್ರೆ ಕಾರ್ಡ್ ಸರಿ ಇದೆ, ರೀಡರ್ ಸರಿ ಇದೆ, ಡಿಸ್ಕ್ ಸರಿ ಇದೆ, ಎಲ್ಲ ಯುಎಸ್‌ಬಿ 3.0 ಮಾಲೇ ಭಾವ ತಂದಿಟ್ಕೊಂಡಿದಾರೆ, ಅದನ್ನ ಚುಚ್ಚೋ ಜಾಗ ಒಂದೇ ಹಳೇದು. ಈ ಹತ್ತು ನಿಮಿಷದ ಅಳತೆ ಮಾಡದೆ ಯಾರೂ ಒಂದು ರೂಪಾಯಿನೂ ಖರ್ಚು ಮಾಡ್ಬಾರ್ದು ಅಂತ ನಾನು ಬಲವಾಗಿ ನಂಬ್ತೀನಿ.

ಏನೇನು ಮಾಡಬಹುದಿತ್ತು ಅಂತ ನೋಡಿದ್ರೆ, ಹೊಸ ಬೋರ್ಡ್ ಹಾಕಿದ್ರೆ ಪ್ರೊಸೆಸರ್ರೂ ರ್‍ಯಾಮೂ ಬದಲಾಗ್ಬೇಕು, ಡಿಡಿಆರ್3 ಹೊಸದರಲ್ಲಿ ಕೂರಲ್ಲ, ಅದು ಹೊಸ ಸಿಸ್ಟಮ್ ತಗೊಂಡಂಗೇ. ಸೆಕೆಂಡ್ ಹ್ಯಾಂಡ್ ಬಿ75 ಬೋರ್ಡ್ ತಂದ್ರೆ ಇದೇ ಪ್ರೊಸೆಸರ್, ಇದೇ ರ್‍ಯಾಮ್ ಕೂರುತ್ತೆ, ಚಿಪ್‌ಸೆಟ್‌ನಲ್ಲೇ ನಾಲ್ಕು ಯುಎಸ್‌ಬಿ 3.0 ಇರುತ್ತೆ, ಆದ್ರೆ ಹತ್ತು ವರ್ಷ ಎಲ್ಲೆಲ್ಲೋ ಓಡಿರೋ ಬೋರ್ಡನ್ನ ಸೀಸನ್ ಮಧ್ಯದಲ್ಲಿ ಸ್ಟುಡಿಯೋಗೆ ಹಾಕೋಕೆ ನನಗೆ ಧೈರ್ಯ ಬರ್ಲಿಲ್ಲ. ಉಳಿದಿದ್ದು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ಗೆ (ಬೋರ್ಡಲ್ಲಿ ಹೆಚ್ಚುವರಿ ಕಾರ್ಡ್ ಚುಚ್ಚೋ ಜಾಗ) ಹಾಕೋ ಯುಎಸ್‌ಬಿ 3.0 ಕಾರ್ಡು. ಬೋರ್ಡಲ್ಲಿ ಉದ್ದದ ಎಕ್ಸ್16 ಸ್ಲಾಟ್ ಒಂದು, ಚಿಕ್ಕ ಎಕ್ಸ್1 ಸ್ಲಾಟ್ ಎರಡು ಇದ್ವು, ಎಕ್ಸ್1 ಎರಡೂ ಖಾಲಿ.

ಇಲ್ಲಿ ಸ್ವಲ್ಪ ನಿಲ್ತೀನಿ, ಜನ ಎಡವೋದು ಇಲ್ಲೇ. ಕಾರ್ಡ್ ಡಬ್ಬದ ಮೇಲೆ 5 ಜಿಬಿಪಿಎಸ್ (ಸೆಕೆಂಡಿಗೆ 5 ಗಿಗಾಬಿಟ್) ಅಂತ ದೊಡ್ಡದಾಗಿ ಬರ್ದಿರುತ್ತೆ, ಸಿಗೋ ಸ್ಪೀಡ್ ಮಾತ್ರ ಸ್ಲಾಟ್ ಎಷ್ಟು ಬಿಡುತ್ತೋ ಅಷ್ಟೇ. ಎಚ್61ರ ಎಕ್ಸ್1 ಸ್ಲಾಟ್ ಪಿಸಿಐ ಎಕ್ಸ್‌ಪ್ರೆಸ್ 2.0, ಒಂದು ದಿಕ್ಕಿಗೆ ಹೆಚ್ಚಂದ್ರೆ 500 ಎಂಬಿ. ಅದನ್ನೇ ಕಾರ್ಡಿನ ನಾಲ್ಕು ಪೋರ್ಟ್ ಹಂಚ್ಕೋಬೇಕು. ನಮ್ಮ ರೀಡರ್ ಡಿಸ್ಕು ಎರಡೂ ಸೇರಿದ್ರೂ ಅಷ್ಟು ಕೇಳಲ್ಲ, ಹಾಗಾಗಿ ನಮಗೆ ಧಾರಾಳ. ಇನ್ನೂ ಹಳೇ ಬೋರ್ಡಲ್ಲಿ ಪಿಸಿಐ ಎಕ್ಸ್‌ಪ್ರೆಸ್ 1.0 ಇದ್ರೆ ಅದು 250ಕ್ಕೆ ಇಳಿಯುತ್ತೆ, ಆಗ್ಲೂ 33ಕ್ಕಿಂತ ಎಷ್ಟೋ ವಾಸಿ. ಆದ್ರೆ ಅದಕ್ಕೂ ಹಿಂದಿನ ಉದ್ದನೇ ಬಿಳಿ ಪಿಸಿಐ ಸ್ಲಾಟ್ ಮಾತ್ರ ಇದ್ರೆ ಈ ಕಾರ್ಡ್ ಕೂರೋದೇ ಇಲ್ಲ, ಹೆಸರು ಒಂದೇ ತರ ಕೇಳ್ಸುತ್ತೆ ಅಂತ ಮೋಸ ಹೋಗ್ಬೇಡಿ. ಡಬ್ಬದ ಮೇಲೆ 3.1 ಜೆನ್ 1, 3.2 ಜೆನ್ 1 ಅಂತಿದ್ರೂ ಗಾಬರಿ ಆಗ್ಬೇಡಿ, ಅವೆರಡೂ ಹಳೇ 3.0ನೇ, ಹೆಸರು ಬದಲಾಯ್ಸಿದಾರೆ ಅಷ್ಟೇ.

ಎರಡನೇದು ಪವರ್. ಈ ಸ್ಲಾಟಲ್ಲಿ 12 ವೋಲ್ಟ್ ಬರುತ್ತೆ, 3.3 ವೋಲ್ಟ್ ಬರುತ್ತೆ, 5 ವೋಲ್ಟ್ ಬರೋದೇ ಇಲ್ಲ. ಯುಎಸ್‌ಬಿಗೆ ಬೇಕಾಗಿರೋದು 5 ವೋಲ್ಟು. ಅದಕ್ಕೆ ಕೆಲವು ಕಾರ್ಡ್‌ಗಳು 12ನ್ನ ತಾವೇ 5ಕ್ಕೆ ಇಳಿಸ್ಕೊತವೆ, ಕೆಲವಕ್ಕೆ ಎಸ್‌ಎಂಪಿಎಸ್‌ನಿಂದ (ಕ್ಯಾಬಿನೆಟ್ ಒಳಗೆ ಎಲ್ಲಕ್ಕೂ ಕರೆಂಟ್ ಕೊಡೋ ಡಬ್ಬ) ಬೇರೆ ವೈರ್ ಕೊಡ್ಬೇಕು. ಯುಎಸ್‌ಬಿ 3.0 ಪೋರ್ಟ್ ಒಂದಕ್ಕೆ 900 ಮಿಲಿ ಆಂಪ್, ಅಂದ್ರೆ ನಾಲ್ಕು ಪೋರ್ಟ್‌ಗೆ ಲೆಕ್ಕ ಹಾಕಿದ್ರೆ 18 ವಾಟ್. ಎಕ್ಸ್1 ಸ್ಲಾಟ್‌ಗೆ ಮಾಮೂಲಿ ಲೆಕ್ಕ 10 ವಾಟ್. ಪೆನ್‌ಡ್ರೈವ್ ಮಾತ್ರ ಹಾಕೋರಿಗೆ ವೈರ್ ಇಲ್ಲದ ಕಾರ್ಡ್ ನಡೆಯುತ್ತೆ, ಪೋರ್ಟಬಲ್ ಹಾರ್ಡ್‌ಡಿಸ್ಕ್ ಎರಡೆರಡು ಹಾಕೋರು ಪವರ್ ಕನೆಕ್ಟರ್ ಇರೋದನ್ನೇ ತಗೋಬೇಕು.

ಬೆಂಗಳೂರಲ್ಲಿ ಕಂಪ್ಯೂಟರ್ ಸಾಮಾನು ಸಿಗೋ ಎಸ್‌ಪಿ ರೋಡಿಗೆ ಹೋಗಿ ನಾಲ್ಕು ಅಂಗಡಿ ತಿರುಗಿ, ಡಬ್ಬ ತೆಗೆಸಿ ಚಿಪ್ ಮೇಲಿನ ಹೆಸರು ಓದಿ ತಗೊಂಡೆ. ವಿಯಾ ಕಂಪನಿಯ ವಿಎಲ್805 ಚಿಪ್ ಇತ್ತು, ರಾಸ್ಪ್‌ಬೆರಿ ಪೈ 4ರಲ್ಲಿ ಯುಎಸ್‌ಬಿ 3.0ಗೆ ಹಾಕಿರೋದೂ ಇದೇ ಚಿಪ್ಪು, ನಾಲ್ಕು ಪೋರ್ಟ್‌ನೂ ತಾನೇ ನೋಡ್ಕೊಳ್ಳುತ್ತೆ. ರೆನೆಸಾಸ್ ಚಿಪ್ ಇರೋ ಕಾರ್ಡ್ ಸಿಕ್ಕಿದ್ರೂ ಖುಷಿಯಾಗಿ ತಗೋತಿದ್ದೆ. ಏಳು ಪೋರ್ಟಿನ ಕಾರ್ಡ್ ಒಂದು ತೋರಿಸಿದ್ರು, ಬೇಡ ಅಂದೆ. ನಮಗೆ ಬೇಕಿರೋದು ಮೂರು ಪೋರ್ಟು, ಒಂದೇ ಎಕ್ಸ್1 ಸ್ಲಾಟನ್ನ ಏಳು ಪೋರ್ಟ್ ಹಂಚ್ಕೊಂಡು ಏನು ಮಾಡೋದು. ನಂದಕ್ಕೆ ಸಾವಿರದ ಇನ್ನೂರು ಆಯ್ತು.

ಹಾಕೋ ಕೆಲಸ ಅರ್ಧ ಗಂಟೆದು. ಪವರ್ ಕೇಬಲ್ ಕಿತ್ತು, ಆಮೇಲೆ ಒಂದ್ಸಲ ಪವರ್ ಬಟನ್ ಒತ್ತಿ ಉಳಿದಿರೋ ಚಾರ್ಜ್ ಬಿಟ್ಟು, ಕ್ಯಾಬಿನೆಟ್ ಹೊರಗೆ ಜಗಲಿ ಮೇಲೆ ತಂದು ಬ್ಲೋವರ್ ಹೊಡೆದ್ವಿ, ಫ್ಯಾನ್ ತಿರುಗದಂಗೆ ಬೆರಳಲ್ಲಿ ಹಿಡ್ಕೊಂಡು. ಹಿಂದಿನ ಪಟ್ಟಿ ಬಿಚ್ಚಿ, ಕಾರ್ಡನ್ನ ಕೆಳಗಿನ ಎಕ್ಸ್1ಗೆ ಕೂರಿಸಿ ಸ್ಕ್ರೂ ಹಾಕ್ದೆ. ಕಾರ್ಡ್‌ಗೆ ನಾಲ್ಕು ಪಿನ್ನಿನ ದೊಡ್ಡ ಪವರ್ ಕನೆಕ್ಟರ್ ಬೇಕಿತ್ತು, ಮೋಲೆಕ್ಸ್ ಅಂತಾರಲ್ಲ ಅದು. ಎಸ್‌ಎಂಪಿಎಸ್‌ನ ವೈರ್ ಅಲ್ಲಿಗೆ ಎಟುಕ್ತಿರ್ಲಿಲ್ಲ. ಸ್ಟುಡಿಯೋ ಡ್ರಾಯರಲ್ಲಿ ಒಂದು ಎಕ್ಸ್‌ಟೆನ್ಶನ್ ಸಿಕ್ತು, ಅದನ್ನ ಮಧ್ಯ ಹಾಕಿ ಕೊಟ್ಟೆ. ಈ ಎಕ್ಸ್‌ಟೆನ್ಶನ್ ನೆನಪಿಟ್ಕೊಳಿ.

ಆನ್ ಮಾಡಿದ ತಕ್ಷಣ ವಿಂಡೋಸ್ ತಾನೇ ಗುರುತು ಹಿಡೀತು. ವಿಂಡೋಸ್ 8ರಿಂದ ಈಚೆಗೆ ಯುಎಸ್‌ಬಿ 3.0 ಡ್ರೈವರ್ ಒಳಗೇ ಇರುತ್ತೆ, ವಿಂಡೋಸ್ 7 ಇದ್ರೆ ಮಾತ್ರ ಚಿಪ್ ಕಂಪನಿ ಡ್ರೈವರ್ ಹಾಕ್ಬೇಕು. ರೀಡರ್, ಎರಡು ಡಿಸ್ಕ್, ಮೂರೂ ನೀಲಿ ಪೋರ್ಟ್‌ಗೆ ಹಾಕಿ ಕಾಪಿಗೆ ಕೊಟ್ರೆ 82 ಎಂಬಿ. ಭಾವ ಎರಡು ಸಲ ಕನ್ನಡಕ ಸರಿ ಮಾಡ್ಕೊಂಡು ನೋಡಿದ್ರು. ಅಕ್ಕ ಕಾಫಿ ತಂದಿಟ್ಟಿದ್ಳು, ಅದು ಆರೋದ್ರೊಳಗೆ ಅರ್ಧ ಕಾರ್ಡ್ ಆಗಿತ್ತು.

ಅಷ್ಟೊತ್ತಿಗೆ ಟುಣುಕ್ ಅಂತ ಸದ್ದು. ಡಿಸ್ಕ್ ಮಾಯ. ಎರಡು ಸೆಕೆಂಡ್ ಬಿಟ್ಟು ಮತ್ತೆ ಬಂತು, ಕಾಪಿ ನಿಂತು ಹೋಗಿತ್ತು, ಕೊನೆ ಫೈಲ್ ಅರ್ಧ ಆಗಿ ಕೂತಿತ್ತು.

ಇಲ್ಲಿಂದ ಮುಂದೆ ನನ್ನ ಒಂದು ಇಡೀ ದಿನ ಹೋಯ್ತು, ಯಾಕಂದ್ರೆ ನಾನು ತಪ್ಪು ಕಡೆ ಹುಡುಕಿದೆ. ಈವೆಂಟ್ ವ್ಯೂವರ್‌ನಲ್ಲಿ (ವಿಂಡೋಸ್ ಆಗುಹೋಗು ಬರೆದಿಡೋ ಜಾಗ) 157 ನಂಬರಿನ ಎಂಟ್ರಿ, ಡಿಸ್ಕ್ ಹೇಳದೆ ಕೇಳದೆ ಕಿತ್ತೋಯ್ತು ಅನ್ನೋ ಅರ್ಥದ್ದು. ಪವರ್ ಆಪ್ಷನ್ಸಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡ್ದೆ, ಪಿಸಿಐ ಎಕ್ಸ್‌ಪ್ರೆಸ್ ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್ ಆಫ್ ಮಾಡ್ದೆ, ಡ್ರೈವರ್ ತೆಗೆದು ಹಾಕ್ದೆ, ಕಾರ್ಡನ್ನ ಇನ್ನೊಂದು ಸ್ಲಾಟ್‌ಗೆ ಹಾಕ್ದೆ. ಒಂದ್ಸಲ ಇಪ್ಪತ್ತು ನಿಮಿಷ ಓಡುತ್ತೆ, ಒಂದ್ಸಲ ಐದು ನಿಮಿಷಕ್ಕೇ ಟುಣುಕ್. ಭಾವ ಪಾಪ ಏನೂ ಅನ್ನಲಿಲ್ಲ, ಆದ್ರೆ ಸಂಜೆ ಹೊತ್ತಿಗೆ "ಇದು ಹೊಂದಲ್ಲ ಅನ್ಸುತ್ತೆ ಬಿಡಪ್ಪ, ಹೊಸದೇ ತಗೊಳೋಣ" ಅಂದ್ರು, ಆ ಮಾತು ನನಗೆ ನಾಟ್ತು. ನಾನು ಡ್ರೈವರು ಸೆಟ್ಟಿಂಗು ಅಂತ ಒದ್ದಾಡ್ತಿದ್ದಾಗ ಸ್ಟುಡಿಯೋ ಹುಡುಗ ಒಂದು ಮಾತು ಹೇಳ್ದ, "ಅಣ್ಣ, ಒಂದೇ ಡಿಸ್ಕ್ ಹಾಕಿದ್ರೆ ಹೋಗಲ್ಲ ನೋಡಿ, ಎರಡು ಹಾಕ್ದಾಗ್ಲೇ ಹೋಗೋದು". ಅವನು ಕ್ಯಾಮೆರಾ ಬ್ಯಾಗ್ ಒರೆಸ್ತಾ ಮೂಲೇಲಿ ಕೂತು ಎಲ್ಲ ಗಮನಿಸಿದ್ದ.

ಮಲ್ಟಿಮೀಟರ್ ತಗೊಂಡೆ. ಮೋಲೆಕ್ಸ್‌ನಲ್ಲಿ ಹಳದಿ ವೈರ್ 12 ವೋಲ್ಟ್, ಕೆಂಪು 5 ವೋಲ್ಟ್, ಮಧ್ಯದ ಎರಡು ಕಪ್ಪು ಗ್ರೌಂಡ್. ಕನೆಕ್ಟರ್ ಹಿಂದೆ ವೈರ್ ಒಳಗೆ ಹೋಗೋ ಸಂದಿಗೆ ಪ್ರೋಬ್ ಇಟ್ಟು, ಕೆಂಪು ಕಪ್ಪು ಮಧ್ಯ ನೋಡ್ದೆ, ಪ್ರೋಬ್ ಜಾರಿ ಹಳದೀಗೆ ತಾಗದಂಗೆ ತುಂಬ ಹುಷಾರಾಗಿರ್ಬೇಕು. ಏನೂ ಕೆಲಸ ಇಲ್ಲದಾಗ 5.02. ಸರಿ ಇದೆ. ಎರಡು ಡಿಸ್ಕ್ ಹಾಕಿ ಕಾಪಿ ಶುರು ಮಾಡಿಸ್ದೆ, 4.8, 4.74, 4.68ಕ್ಕೆ ಇಳಿದು ಅಲ್ಲೇ ಅಲುಗಾಡ್ತಾ ನಿಂತಿತು. ಎಸ್‌ಎಂಪಿಎಸ್ ಲೆಕ್ಕದಲ್ಲಿ 5 ವೋಲ್ಟ್ ಲೈನು ಶೇಕಡಾ 5ಕ್ಕಿಂತ ಹೆಚ್ಚು ಇಳೀಬಾರ್ದು, ಅಂದ್ರೆ 4.75. ಇದು ಕಾರ್ಡ್ ಹತ್ರಾನೇ ಅದಕ್ಕಿಂತ ಕೆಳಗಿದೆ, ಇನ್ನು ಕೇಬಲ್ ದಾಟಿ ಡಿಸ್ಕ್‌ಗೆ ತಲುಪೋದ್ರೊಳಗೆ ಇನ್ನೂ ಕಡಿಮೆ. ಡಿಸ್ಕ್ ಮೋಟರ್ ಎಲ್ಲಿ ನಿಲ್ಲುತ್ತೆ.

ಎಸ್‌ಎಂಪಿಎಸ್ ಸತ್ತಿದೆ ಅಂದ್ಕೊಂಡೆ ಮೊದ್ಲು. ಆದ್ರೂ ಇರ್ಲಿ ಅಂತ ಎಕ್ಸ್‌ಟೆನ್ಶನ್‌ನ ಈ ಕಡೆ, ಎಸ್‌ಎಂಪಿಎಸ್ ವೈರ್ ಬಂದು ಸೇರೋ ಜಾಗದಲ್ಲಿ ಅಳೆದ್ರೆ, ಅದೇ ಲೋಡಲ್ಲಿ 4.97! ಒಂದು ಗೇಣುದ್ದದ ವೈರಲ್ಲಿ 0.29 ವೋಲ್ಟ್ ಕಳೆದುಹೋಗ್ತಿತ್ತು. ಆಫ್ ಮಾಡಿ ಎಕ್ಸ್‌ಟೆನ್ಶನ್ ಬಿಚ್ಚಿ ಕಿಟಕಿ ಬೆಳಕಿಗೆ ಹಿಡಿದು ನೋಡಿದ್ವಿ. ನಾಲ್ಕು ಪಿನ್ನಲ್ಲಿ ಮೂರು ಸಮ ಇದ್ವು, ಕೆಂಪು ವೈರಿನ ಪಿನ್ ಬೆಂಡೆಬೀಜದಷ್ಟು ಹಿಂದಕ್ಕೆ ಸರ್ಕೊಂಡಿತ್ತು, ಅದರ ಸುತ್ತ ಬಿಳಿ ಪ್ಲಾಸ್ಟಿಕ್ ಹಾಲು ಸೀದ ಬಣ್ಣಕ್ಕೆ ತಿರುಗಿತ್ತು. ಮೂಗಿನ ಹತ್ರ ಹಿಡಿದ್ರೆ ಸಣ್ಣಗೆ ಸುಟ್ಟ ವಾಸನೆ. ಪಿನ್ ತುದಿ ಮಾತ್ರ ತಾಗ್ತಿತ್ತು, ಕರೆಂಟ್ ಹೆಚ್ಚಾದಂಗೆ ಅಲ್ಲೇ ಬಿಸಿಯಾಗಿ ವೋಲ್ಟೇಜ್ ಬೀಳ್ತಿತ್ತು. ಇನ್ನೊಂದು ಸೀಸನ್ ಹಂಗೇ ಓಡಿಸಿದ್ರೆ ಕ್ಯಾಬಿನೆಟ್ ಒಳಗೆ ಹೊಗೆ ಬಂದಿರ್ತಿತ್ತು, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಕಸಿವಿಸಿ ಆಗುತ್ತೆ.

ಪರಿಹಾರಕ್ಕೆ ಒಂದು ಪೈಸೆ ಖರ್ಚಾಗಲಿಲ್ಲ. ಎಸ್‌ಎಂಪಿಎಸ್‌ನ ಸ್ವಂತ ಮೋಲೆಕ್ಸ್ ವೈರ್ ಗಿಡ್ಡ ಇರ್ಲಿಲ್ಲ, ಅಸೆಂಬಲ್ ಮಾಡಿದೋರು ಡಿವಿಡಿ ಡ್ರೈವ್ ಹಿಂದೆ ಮಡಚಿ ಟೈ ಹಾಕಿ ಬಿಗಿದಿದ್ರು. ಟೈ ಕತ್ತರಿಸಿದ್ರೆ ಆರಾಮಾಗಿ ಕಾರ್ಡ್‌ವರೆಗೂ ಬಂತು. ಸೀದಾ ಕೊಟ್ಟು ಅಳೆದೆ, ಎರಡು ಡಿಸ್ಕ್ ಲೋಡಲ್ಲಿ 4.96. ಆಫ್ ಮಾಡಿದ್ದ ಸೆಟ್ಟಿಂಗ್‌ಗಳನ್ನ ಒಂದೊಂದಾಗಿ ವಾಪಸ್ ಮೊದಲಿನಂಗೇ ಮಾಡಿ ನೋಡ್ದೆ, ಯಾವುದ್ರಿಂದ ಸರಿಹೋಯ್ತು ಅಂತ ಖಚಿತ ಆಗ್ಬೇಕಲ್ಲ. ರಾತ್ರಿ ಊಟ ಆದ್ಮೇಲೆ ಎರಡು ಡಿಸ್ಕ್ ಮಧ್ಯ ಸುಮಾರು ಏಳುನೂರು ಜಿಬಿ ಹಳೇ ಮದುವೆಗಳನ್ನ ಕಾಪಿಗೆ ಕೊಟ್ಟು ಪಕ್ಕದಲ್ಲೇ ಚಾಪೆ ಹಾಕಿ ಮಲಗ್ದೆ. ಬೆಳಗ್ಗೆ ಎದ್ದಾಗ ಮುಗಿದಿತ್ತು, ಈವೆಂಟ್ ವ್ಯೂವರಲ್ಲಿ 157 ಒಂದೂ ಇರ್ಲಿಲ್ಲ.

ಕಾಪಿ ಮುಗೀತು ಅಂದ್ರೆ ಸರಿಯಾಗಿ ಮುಗೀತು ಅಂತ ಅಲ್ಲ, ಅದಕ್ಕೆ ಟೆರಾಕಾಪಿ ಅನ್ನೋ ಸಾಫ್ಟ್‌ವೇರ್ ಹಾಕ್ಕೊಟ್ಟೆ. ಕಾಪಿ ಆದ್ಮೇಲೆ ಎರಡೂ ಕಡೆ ಫೈಲ್ ಓದಿ ಹೋಲಿಸಿ ನೋಡುತ್ತೆ. ಟೈಮ್ ಹೆಚ್ಚು ಹಿಡಿಯುತ್ತೆ ನಿಜ, ಆದ್ರೆ ಈಗ ಒಂದು ಕಾರ್ಡ್ 12-13 ನಿಮಿಷದಲ್ಲಿ ಆಗೋದ್ರಿಂದ ಹೋಲಿಸೋಕೆ ಟೈಮ್ ಇದೆ, ಮೊದ್ಲು ಮೂರು ಗಂಟೆ ಕಾಪಿ ಆದ್ಮೇಲೆ ಯಾರಿಗೆ ತಾಳ್ಮೆ ಇರ್ತಿತ್ತು. ಮೊದಲ ದಿನ ಅರ್ಧಕ್ಕೆ ನಿಂತ ಆ ಒಂದು ಫೈಲು ತಾಳಿ ಕಟ್ಟೋ ಕ್ಷಣದ ವಿಡಿಯೋ ಆಗಿತ್ತು. ಮೆಮೊರಿ ಕಾರ್ಡಲ್ಲಿ ಮೂಲ ಹಾಗೇ ಇದ್ದಿದ್ದಕ್ಕೆ ಬಚಾವು.

ಆಮೇಲೆ ಎರಡು ಸಣ್ಣ ತಕರಾರು ಬಂದ್ವು. ಭಾವನ ಇನ್ನೊಂದು ಡಿಸ್ಕ್ ನೀಲಿ ಪೋರ್ಟಲ್ಲೂ 34 ಎಂಬಿ ದಾಟ್ತಿರ್ಲಿಲ್ಲ. ನೋಡಿದ್ರೆ ಡಿಸ್ಕಿನ ಜೊತೆ ಬಂದ ಅಗಲ ಮೂತಿಯ ಕೇಬಲ್ ಎಲ್ಲೋ ಕಳೆದಿದೆ, ಹಳೇ ಫೋನ್ ಚಾರ್ಜರಿನ ಮೈಕ್ರೋ ಕೇಬಲ್ ಚುಚ್ಚಿದಾರೆ. ಆ ಅಗಲದ ಸಾಕೆಟಲ್ಲಿ ಅದೂ ಕೂರುತ್ತೆ, ಕೆಲಸನೂ ಮಾಡುತ್ತೆ, ಆದ್ರೆ ಯುಎಸ್‌ಬಿ 3.0ಗೆ ಬೇಕಾದ ಐದು ಹೆಚ್ಚುವರಿ ವೈರ್ ಅದರಲ್ಲಿ ಇಲ್ಲ, 2.0 ಸ್ಪೀಡೇ ಗತಿ. ಸರಿಯಾದ ಕೇಬಲ್ ತಂದ್ಮೇಲೆ 110 ಬಂತು. ಇನ್ನೊಂದು, ಡಿಸ್ಕ್ ಓಡುವಾಗ ವೈರ್‌ಲೆಸ್ ಮೌಸ್ ತಡವರಿಸ್ತಿತ್ತು. ಯುಎಸ್‌ಬಿ 3.0 ಓಡೋವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ಕಿವಿಗೆ ಕೇಳದ ರೇಡಿಯೋ ಗದ್ದಲ ಎಬ್ಬಿಸುತ್ತೆ, ಮೌಸ್ ಡಾಂಗಲ್ ಮಾತಾಡೋದೂ ಅಲ್ಲೇ. ಡಾಂಗಲ್‌ನ ಹಿಂದಿನಿಂದ ಕಿತ್ತು ಮುಂದಿನ ಕಪ್ಪು ಪೋರ್ಟ್‌ಗೆ ಹಾಕಿದ್ವಿ, ಸರಿಹೋಯ್ತು. ಕೀಬೋರ್ಡ್‌ನೂ ಹಳೇ ಪೋರ್ಟಲ್ಲೇ ಬಿಟ್ಟಿದೀನಿ, ಯಾಕಂದ್ರೆ ಇಂಥ ಹಳೇ ಬೋರ್ಡಿನ ಬಯೋಸ್ (ವಿಂಡೋಸ್‌ಗಿಂತ ಮೊದ್ಲು ಓಡೋ ಪ್ರೋಗ್ರಾಮ್) ಹೊರಗಿನ ಕಾರ್ಡನ್ನ ಲೆಕ್ಕಕ್ಕೆ ತಗೊಳಲ್ಲ, ನಾಳೆ ಬಯೋಸ್ ಒಳಗೆ ಹೋಗ್ಬೇಕಾದ್ರೆ ಕೀಬೋರ್ಡ್ ಕೆಲಸ ಮಾಡ್ದಿದ್ರೆ ಕಷ್ಟ.

ಇದು ಎಷ್ಟು ವರ್ಷಕ್ಕೆ ಅಂತ ಭಾವ ಕೇಳಿದ್ರು, ಮುಚ್ಚುಮರೆ ಇಲ್ಲದೆ ಹೇಳ್ದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಈ ಪ್ರೊಸೆಸರ್ ವಿಂಡೋಸ್ 11ರ ಪಟ್ಟೀಲಿಲ್ಲ. ಅದಕ್ಕೆ ಬ್ಯಾಂಕ್ ಕೆಲಸ, ಮೇಲ್ ಎಲ್ಲ ಫೋನಲ್ಲೇ ಇಟ್ಕೊಳಿ, ಈ ಸಿಸ್ಟಮ್‌ಗೆ ನೆಟ್ ಕೇಬಲ್ ಬೇಡ, ಕಾಪಿ, ಬ್ಯಾಕಪ್, ಆಲ್ಬಮ್ ಇಷ್ಟಕ್ಕೆ ಇರ್ಲಿ ಅಂದೆ. ಅರವತ್ತು ಸಾವಿರ ಉಳೀತಲ್ಲ, ಅದರಲ್ಲಿ ಮೊದ್ಲು ಇನ್ನೊಂದು ಡಿಸ್ಕ್ ತಗೊಂಡು ಮೂರನೇ ಕಾಪಿನ ಮನೇಲಿಡಿ ಅಂದಿದ್ದಕ್ಕೆ ಅಕ್ಕನೂ ಹೂಂ ಅಂದ್ಳು.

ಮುಂದಿನ ಪೋರ್ಟ್‌ಗಳು ಇನ್ನೂ 2.0ನೇ. ಕ್ಯಾಬಿನೆಟ್ ಮುಂದಕ್ಕೂ 3.0 ತರೋಕೆ ಹತ್ತೊಂಬತ್ತು ಪಿನ್ನಿನ ಹೆಡರ್ ಇರೋ ಕಾರ್ಡು, ಬೇರೆ ಪ್ಯಾನೆಲ್ ಬೇಕು, ಅದಕ್ಕೆ ಕೈ ಹಾಕ್ಲಿಲ್ಲ. ಪ್ರತೀ ಸಲ ಟೇಬಲ್ ಕೆಳಗೆ ಬಗ್ಗಿ ಹಿಂದೆ ತಡಕಾಡೋದು ಭಾವನ ಸೊಂಟಕ್ಕೆ ಆಗಲ್ಲ ಅಂತ ಕ್ಯಾಬಿನೆಟ್ಟನ್ನೇ ಟೇಬಲ್ ಮೇಲೆ ಎತ್ತಿ, ಬೆನ್ನು ಅವರ ಕಡೆ ಬರೋ ಹಾಗೆ ತಿರುಗಿಸಿ ಇಟ್ಟಿದೀವಿ. ನೀಲಿ ಪೋರ್ಟ್ ಈಗ ಅವರ ಬಲಗೈ ಹತ್ರ.